ಅತ್ತರಂತೆ

ಎಲ್ಲರೂ ಇಷ್ಟೊಂದು ಒಳ್ಳೆಯವರಾಗಿರಲು ಸಾಧ್ಯವೇ ಎಂಬ ಅನುಮಾನ ಅವಳಿಗೆ ಬೆಳಿಗ್ಗೆ ಹಲ್ಲುಜ್ಜುವಾಗಲೇ ಶುರುವಾಗಿತ್ತು. ಪ್ರಾಣಿಗಳ ಆಸ್ಪತ್ರೆಗೆ ಮುಖ್ಯ ವೈದ್ಯೆಯಾಗಿ ಬಂದು ಇದು ಎರಡನೆಯ ವಾರ. ಇಷ್ಟು ದಿನದಲ್ಲಿ ಯಾರೂ ಅವಳೆದುರು ಮುಖ ಗಂಟು ಹಾಕಿಕೊಂಡಿರಲಿಲ್ಲ, ಚಾಡಿ ಹೇಳಿರಲಿಲ್ಲ, ರಜೆಗಾಗಿ ಎಂದೋ ತೀರಿಕೊಂಡ ಸೋದರಮಾವನನ್ನು ಇನ್ನೊಮ್ಮೆ ಸಾಯಿಸಿರಲಿಲ್ಲ. ಹಿಂದಿನ ಆಸ್ಪತ್ರೆಯಲ್ಲಿ ಒಂದು ಬ್ಯಾಂಡೇಜಿನ ಸುರುಳಿಗಾಗಿ ಇಬ್ಬರು ಡಾಕ್ಟರುಗಳು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ಕಂಡವಳು ಅವಳು. ಅಲ್ಪಸ್ವಲ್ಪ ಜಗಳವಿಲ್ಲದ ಕಡೆ ಅವಳಿಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತಹಾಗೆ ಆಗುತ್ತಿತ್ತು. "ಎಲ್ಲಾ ತುಂಬಾ ಒಳ್ಳೆಯವರಮ್ಮ," ಎಂದು ತಿಂಡಿ ತಿನ್ನುತ್ತ ದೂರು ಕೊಡುವ ದನಿಯಲ್ಲಿ ಹೇಳಿದಳು. ಅಮ್ಮ ತಟ್ಟೆಯಿಂದ ತಲೆಯೆತ್ತಲಿಲ್ಲ. "ಅವರು ಒಳ್ಳೆಯವರಾದ್ರೆ ನಿನಗ್ಯಾಕೆ ಹೊಟ್ಟೆನೋವು? ಹೊಸದರಲ್ಲಿ ಅಗಸ ಗೋಣೀನ ಎತ್ತೆತ್ತಿ ಒಗೆದನಂತೆ. ನೀನು ಸ್ವಲ್ಪ ದಿನ ಕೈ ಸುಮ್ನೆ ಇಟ್ಕೊ."

ಕೈ ಸುಮ್ಮನೆ ಇಟ್ಟುಕೊಂಡದ್ದಕ್ಕೇ ಅಲ್ಲವೇ ಕಳೆದ ವಾರ ಆ ಬಡಗಿಯ ನಾಯಿ ಸತ್ತದ್ದು, ಎಂದು ಆಸ್ಪತ್ರೆಯ ಗೇಟು ದಾಟುವಾಗ ಅನ್ನಿಸಿತು. ವಯಸ್ಸಾದ ನಾಯಿ, ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಮಾಡುವ ಡಾಕ್ಟರು ಮೃದುವಾಗಿ, "ಇದು ಇಲ್ಲಿ ಬೇಡ ಮೇಡಂ, ದೊಡ್ಡ ಊರಿಗೆ ಕಳಿಸೋಣ," ಅಂದಿದ್ದರು. ಅವಳು ತಲೆಯಾಡಿಸಿದ್ದಳು. ಬಂದ ವಾರದಲ್ಲೇ ಹಿರಿಯರ ಮಾತಿಗೆ ಎದುರಾಡಿದರೆ ಏನಂದುಕೊಂಡಾರು ಎಂಬ ಅಂಜಿಕೆಯಲ್ಲಿ ಹುಟ್ಟಿದ ತಲೆಯಾಟ ಅದು. ಕನ್ನಡಿಯಲ್ಲಿ ನೋಡಿದ್ದರೆ ಅವಳಿಗೇ ನಾಚಿಕೆಯಾಗುತ್ತಿತ್ತು. ನಾಯಿ ದಾರಿಯಲ್ಲಿ, ಸೇತುವೆ ದಾಟುವ ಮುಂಚೆಯೇ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಪ್ರಾಣ ಬಿಟ್ಟಿತ್ತು. ಮಾರನೆಯ ದಿನ ಬಡಗಿ ಬಂದು, "ನಿಮ್ಮ ಕೈಲಾದ್ದು ಮಾಡಿದ್ರಿ," ಎಂದು ಕೈಮುಗಿದು ಹೋದ. ಬೈದು ಹೋಗಿದ್ದರೆ ಮರೆಯಬಹುದಿತ್ತು. ಅವನು ಕೈಮುಗಿದದ್ದು ಹಲ್ಲಿನ ಸಂದಿಯ ನಾರಿನ ಹಾಗೆ ಉಳಿದುಕೊಂಡಿತ್ತು. ನಾಲಗೆ ಸುಮ್ಮನಿದ್ದಾಗಲೆಲ್ಲ ಅಲ್ಲಿಗೇ ಹೋಗುತ್ತಿತ್ತು.

ಕೋಣೆಯಲ್ಲಿ ಕೂತರೆ ಕುರ್ಚಿ ಎಡಕ್ಕೆ ವಾಲುತ್ತಿತ್ತು. ಅವಳಿಗಿಂತ ಮುಂಚಿನ ಮುಖ್ಯ ವೈದ್ಯರು, ಎಲ್ಲರ ಬಾಯಲ್ಲೂ ಇವತ್ತಿಗೂ ದೊಡ್ಡ ಡಾಕ್ಟರು, ಬಹಳ ವರ್ಷ ಒಂದೇ ಮಗ್ಗುಲಿಗೆ ಒರಗಿ ಕೂತು, ಬಂದವರ ಕಿವಿಯ ಹತ್ತಿರ ಬಾಗಿ ಮಾತಾಡಿ ಮಾತಾಡಿ ಅದನ್ನು ಹಾಗೆ ಮಾಡಿಟ್ಟಿದ್ದರು. ಅವಳು ಬಲಕ್ಕೆ ಸರಿದು ಕೂತಳು. ಕೆಲಸ ಕೊಡುವಾಗ ಅವಳ ಕಿವಿಯ ಹತ್ತಿರವೂ ಅವರು ಹೀಗೇ ಬಾಗಿದ್ದರು: "ನೀವೇ ಬರ್ಬೇಕಂತೆ ಕಣ್ರೀ. ಎಲ್ಲರೂ ಒಟ್ಟಾಗಿ ಬಂದು ಕೇಳಿದ್ದಾರೆ." ಆ ಮಾತು ಎಷ್ಟು ಹಿತವಾಗಿತ್ತೆಂದರೆ, ಸಂಜೆ ನಡೆದು ಹೋಗುವಾಗ ಬೇಕೆಂದೇ ಉದ್ದದ ದಾರಿ ಹಿಡಿದಿದ್ದಳು.

ಹೊರಗೆ ಚೀಟಿಯಮ್ಮನ ದನಿ ಕೇಳಿಸಿತು. ಬಂದವರಿಗೆ ಚೀಟಿ ಕೊಟ್ಟು ಕೂರಿಸುವಾಕೆ. ಗಿಳಿ, ಬೆಕ್ಕು, ಮೇಕೆ, ಮನುಷ್ಯ ಎಲ್ಲರನ್ನೂ ಒಂದೇ ಸ್ವರದಲ್ಲಿ ಗದರುತ್ತಿದ್ದಳು. "ಮೇಡಂ, ಅಜ್ಜಿ ಬಂದಿದ್ದಾಳೆ, ಸೀರಿಯಸ್!" ಅಜ್ಜಿ ಎಂದರೆ ಬಸ್ ಡ್ರೈವರೊಬ್ಬನ ಕಂದು ಬಣ್ಣದ ಹೆಣ್ಣು ನಾಯಿ. ಮೂತಿಯೆಲ್ಲ ನರೆತಿತ್ತು. ಡ್ರೈವರ್ ಖಾಕಿಯಲ್ಲೇ, ಬಸ್ಸನ್ನು ಆಸ್ಪತ್ರೆಯ ಎದುರಿಗೇ ನಿಲ್ಲಿಸಿ, ಅದನ್ನು ಎರಡೂ ಕೈಯಲ್ಲಿ ಹೊತ್ತು ತಂದಿದ್ದ. ಕಿಟಕಿಯಾಚೆ ಬಸ್ಸಿನೊಳಗಿಂದ ಕೆಲವು ಮುಖಗಳು ಇತ್ತ ಇಣುಕುತ್ತಿದ್ದವು. "ಬರೀ ನೀರು ಕುಡೀತಾಳೆ ಮೇಡಂ, ಅನ್ನ ಮುಟ್ಟಲ್ಲ. ನನ್ನ ಹೆಂಡ್ತಿ ಮಾತಾಡ್ಸಿದ್ರೂ ಬಾಲ ಅಲ್ಲಾಡ್ಸಲ್ಲ. ಅವಳು ಮಾತಾಡ್ಸಿದ್ರೆ ನಾನೇ ಅಲ್ಲಾಡಿಸ್ತೀನಿ." ಅವಳು ನಾಯಿಯ ಹೊಟ್ಟೆ ಮುಟ್ಟಿದಳು, ಸ್ಕ್ಯಾನ್ ಮಾಡಿದಳು. ಗರ್ಭಕೋಶದ ತುಂಬ ಕೀವು. ಇವತ್ತೇ ತೆಗೆಯಬೇಕು, ನಾಳೆ ಎನ್ನುವುದು ಈ ನಾಯಿಯ ಲೆಕ್ಕದಲ್ಲಿ ಇರಲಿಲ್ಲ.

ಆಪರೇಷನ್ ಮಾಡುವವರನ್ನು ಎಲ್ಲರೂ ಕತ್ತರಿ ಡಾಕ್ಟರು ಎನ್ನುತ್ತಿದ್ದರು. ಬಾಗಿಲು ತುಂಬುವಷ್ಟು ಆಳು, ದನಿ ಮಾತ್ರ ಹತ್ತಿಯಂಥದು. ಅವರು ಬಂದು ನೋಡಿ, ನಾಯಿಯ ಕಿವಿ ಸವರಿ, ಅವಳನ್ನು ಕಾರಿಡಾರಿಗೆ ಕರೆದರು. "ಇದು ಇಲ್ಲಿ ಬೇಡ ಮೇಡಂ. ದೊಡ್ಡ ಊರಿಗೆ..."

"ಯಾಕೆ ಡಾಕ್ಟ್ರೇ? ನಿಮ್ಮ ಕೈಗೆ ಇದೇನು ದೊಡ್ಡ ಕೆಲಸ ಅಲ್ಲ."

"ನನ್ನ ಕೈ ವಿಷಯ ಅಲ್ಲ." ಅವರು ಆ ಕಡೆ ಈ ಕಡೆ ನೋಡಿದರು. "ನೀವು ಈಗ ಯಜಮಾನರು, ನಿಮಗೆ ಗೊತ್ತಿರಲಿ. ಜೋಗುಳದಕ್ಕ ಇದ್ದಾರಲ್ಲ, ಅವರಿಗೋಸ್ಕರ."

ಆಪರೇಷನ್‌ಗೆ ಮುಂಚೆ ಮತ್ತಿನ ಮದ್ದು ಕೊಟ್ಟು ಪ್ರಾಣಿಗಳನ್ನು ಮಲಗಿಸುವ ನರ್ಸಿಗೆ ಅಲ್ಲಿ ಜೋಗುಳದಕ್ಕ ಎಂದು ಹೆಸರು. ಹಿಂದೊಮ್ಮೆ ಇಂಥದೇ ಒಂದು ಮುದಿ ನಾಯಿ ಟೇಬಲ್ ಮೇಲೆಯೇ ಹೋಗಿಬಿಟ್ಟಿತ್ತಂತೆ. "ಅಕ್ಕ ಕೊಟ್ಟ ಮತ್ತು ಜಾಸ್ತಿ ಆಗಿತ್ತು. ಅವತ್ತು ಅವರು ನನ್ನ ಮೇಲೆ ಕೂಗಾಡಿದ್ರು, ನಾನೂ ಬಿಡಲಿಲ್ಲ. ಆಮೇಲೆ ಪಾಪ, ದೊಡ್ಡ ಡಾಕ್ಟರ ಹತ್ರ ಹೋಗಿ ತಪ್ಪು ಒಪ್ಕೊಂಡು ಗೊಳೋ ಅಂತ ಅತ್ತರಂತೆ. 'ಈ ಮಾತು ಯಾವತ್ತೂ ಅವಳ ಮುಂದೆ ಎತ್ಬೇಡಪ್ಪ, ಒಡೆದುಹೋಗ್ತಾಳೆ' ಅಂದ್ರು ದೊಡ್ಡ ಡಾಕ್ಟರು. ನಾನು ಎತ್ತಿಲ್ಲ. ಮುದಿ ಪ್ರಾಣಿ ಬಂದ್ರೆ ನಾನಾಗೇ ಬೇಡ ಅಂತೀನಿ, ಅವರಿಗೆ ಮುಜುಗರ ಆಗ್ದೇ ಇರ್ಲಿ ಅಂತ. ನನಗಂತೂ ಅದೆಲ್ಲ ಮರೆತೇ ಹೋಗಿದೆ." ಮರೆತವರು ಆ ನಾಯಿಯ ಬಣ್ಣ, ಆವತ್ತಿನ ಸೆಖೆ, ಅಕ್ಕ ಟ್ರೇ ಕುಕ್ಕಿದ ಸದ್ದು ಎಲ್ಲವನ್ನೂ ಹೇಳಿ ಮುಗಿಸಿದರು. ಮುಗಿಸಿದಾಗ ಅವರ ಮುಖದಲ್ಲಿ ಸ್ನಾನ ಮಾಡಿ ಬಂದವರ ಕಳೆಯಿತ್ತು. ಎಂಥ ದೊಡ್ಡ ಮನಸ್ಸು, ಅಂದುಕೊಂಡಳು ಅವಳು. ತನ್ನ ಒಡಹುಟ್ಟಿದ ಅಕ್ಕ ಕಾಲೇಜಿನ ದಿನಗಳಲ್ಲಿ ಹೇಳದೆ ಕೇಳದೆ ಉಟ್ಟುಕೊಂಡು ಹೋಗಿ ಮಸಿ ಮಾಡಿಕೊಂಡು ತಂದ ಸೀರೆಯನ್ನು ತಾನಿನ್ನೂ ಕ್ಷಮಿಸಿಲ್ಲ. ಆ ಅಕ್ಕನಿಗೀಗ ಸೊಸೆ ಬಂದಿದ್ದಾಳೆ.

ಆದರೆ ದೊಡ್ಡ ಮನಸ್ಸಿನ ಖರ್ಚಿಗೆ ನಾಯಿಗಳ ಪ್ರಾಣ ಹೋಗಬೇಕೆ? ಜೋಗುಳದಕ್ಕನನ್ನೇ ಕೇಳಿಬಿಡುವುದೆಂದು ತಯಾರಿ ಕೋಣೆಗೆ ಹೋದಳು. ಅಲ್ಲಿ ಉಪಕರಣ ಬೇಯಿಸುವ ಡಬ್ಬಿಯಿಂದ ಹಬೆ ಬರುತ್ತಿತ್ತು. ಜೋಗುಳದಕ್ಕ ಮತ್ತಿನಿಂದ ಏಳುತ್ತಿದ್ದ ಬೆಕ್ಕೊಂದರ ಬೆನ್ನು ಸವರುತ್ತ, ಕುಡಿದು ಮನೆಗೆ ಬಂದ ಗಂಡನನ್ನು ಸಂಭಾಳಿಸುವ ಹಾಗೆ, "ಆಯ್ತಪ್ಪ, ಆಯ್ತು, ಬಿದ್ಕೊ," ಎನ್ನುತ್ತಿದ್ದರು. ಅವಳು ಸುತ್ತಿ ಬಳಸಿ, "ಅಕ್ಕ, ವಯಸ್ಸಾದ ನಾಯಿಗೆ ಮತ್ತು ಕೊಡೋದು ನಿಮಗೆ ಕಷ್ಟ ಅನ್ಸತ್ತಾ?" ಎಂದಳು.

"ನನಗೇನು ಕಷ್ಟ ಮೇಡಂ? ಕಷ್ಟ ಡಾಕ್ಟ್ರಿಗೆ." ಅಕ್ಕ ಬಾಗಿಲು ನೋಡಿದರು. ದನಿ ಇಳಿಯಿತು. "ನೀವು ಯಜಮಾನರಾದ್ರಿ ಅಂತ ಹೇಳ್ತಿದ್ದೀನಿ. ಒಂದ್ಸಲ ಅವರ ಕೈ ಜಾರಿ ರಕ್ತನಾಳ ಕುಯ್ದು ಒಂದು ನಾಯಿ ಹೋಯ್ತು. ನನ್ನ ಮೇಲೇ ಹಾಕಕ್ಕೆ ನೋಡಿದ್ರು. ಆದ್ರೆ ಒಳಗೊಳಗೇ ಗೊತ್ತಿರತ್ತಲ್ಲ? ದೊಡ್ಡ ಡಾಕ್ಟರ ಮುಂದೆ ಹೋಗಿ, ಅಷ್ಟು ದೊಡ್ಡ ಗಂಡಸು, ಅವರ ಕರ್ಚೀಫೇ ಇಸ್ಕೊಂಡು ಅತ್ತರಂತೆ. ಅಲ್ಲಿಂದ ನಾನು ಒಂದ್ ಮಾತೂ ಎತ್ತಿಲ್ಲ. ಅವರು ಮುದಿ ಪ್ರಾಣಿ ಬೇಡ ಅಂದಾಗೆಲ್ಲ, ಪಾಪ ಹೆದರಿಕೆ, ಅಂತ ಸುಮ್ನಾಗ್ತೀನಿ. ಕ್ಷಮಿಸಿದ್ಮೇಲೆ ಮುಗೀತು, ಅಲ್ವಾ?" ಅಕ್ಕನ ಮುಖದಲ್ಲೂ ಅದೇ ಸ್ನಾನದ ಕಳೆ.

ಅವಳು ಹೊರಗೆ ಬಂದು ನೀರಿನ ಫಿಲ್ಟರಿನ ಮುಂದೆ ಲೋಟ ಹಿಡಿದು ನಿಂತಳು. ಅತ್ತರಂತೆ. ಅತ್ತರಂತೆ. ಕಂಡವರು 'ಅತ್ತರು' ಅನ್ನುತ್ತಾರೆ. ಕಾಣದವರು ಬಾಲಕ್ಕೊಂದು 'ಅಂತೆ' ಅಂಟಿಸುತ್ತಾರೆ, ಅಂಟಿಸಿದ ಮೇಲೆ ಜವಾಬ್ದಾರಿ ಯಾರದೂ ಅಲ್ಲ. ಇಬ್ಬರ ಅಂತೆಯೂ ಒಬ್ಬರದೇ ಬಾಯಿಂದ ಹೊರಟದ್ದು. ಇಲ್ಲಿ ಇಬ್ಬರೂ ಕ್ಷಮಿಸಿದವರೇ; ಕ್ಷಮೆ ಬೇಡಿದವರು ಯಾರೂ ಇಲ್ಲ. ಅವಳು ಒಳಗೇ ಇದನ್ನು ಇನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಗ ಚೀಟಿಯಮ್ಮ ಬಂದು ಪಕ್ಕದಲ್ಲಿ ನಿಂತಳು.

"ಡ್ರೈವರ್ ಕೇಳ್ತಿದ್ದಾನೆ ಮೇಡಂ, ಕಳಿಸೋದಾ ಇಟ್ಕೊಳ್ಳೋದಾ ಅಂತ. ಪ್ಯಾಸೆಂಜರ್ಸ್ ಎಲ್ಲ ಬೇರೆ ಬಸ್ ಹತ್ತಿ ಹೋದ್ರು." ಆಮೇಲೆ ಅವಳ ಮುಖ ನೋಡಿ ಗದರುವ ದನಿಯನ್ನು ತಗ್ಗಿಸಿದಳು. "ಯಾಕೆ ಸಪ್ಪಗಿದ್ದೀರಾ? ಮನಸ್ಸಿಗೆ ಏನೂ ಹಚ್ಕೋಬೇಡಿ. ನಾವೆಲ್ಲ ಇಲ್ವಾ?"

"ನನಗೇನಾಗಿದೆ?"

"ಏನಿಲ್ಲ... ಈ ಕೆಲಸ ಸಿಗದಿದ್ರೆ ನನಗೆ ಬದುಕೇ ಇಲ್ಲ ಅಂತ ನೀವು ದೊಡ್ಡ ಡಾಕ್ಟರ ಮನೇಲಿ ಕೂತು ತುಂಬಾ ಅತ್ತಿದ್ರಂತಲ್ಲ. ಸೂಕ್ಷ್ಮ ಮನಸ್ಸು, ಯಾರೂ ನೋಯಿಸ್ಬೇಡಿ ಅಂತ ಹೇಳಿ ಹೋಗಿದ್ದಾರೆ. ಅದಕ್ಕೇ ಎಲ್ಲರೂ ಮಾತಾಡ್ಕೊಂಡಿದ್ದೀವಿ, ಸ್ವಲ್ಪ ದಿನ ನಿಮ್ಮ ಮುಂದೆ ಜಗಳ ಪಗಳ ಬೇಡ ಅಂತ."

ಲೋಟ ತುಂಬಿ ನೀರು ಅವಳ ಚಪ್ಪಲಿಯ ಮೇಲೆ ಹರಿಯಿತು. ಎರಡು ವಾರದ ನಗುಮುಖಗಳು, ತಾನು ಕೂತಾಗ ತಂದಿಟ್ಟ ಚಹಾ, ಬಾಗಿಲು ತೆರೆದು ಹಿಡಿದ ಕೈಗಳು ಎಲ್ಲ ಸಾಲಾಗಿ ನೆನಪಾಗಿ, ಒಂದೊಂದೂ ಹಿಂದುಮುಂದಾಗಿ ನಿಂತವು. ಕಿವಿ ಬಿಸಿಯಾಯಿತು. ಅವಮಾನದ ಅಡಿಯಲ್ಲಿ ಒಂದು ಎಳೆ ನಗುವೂ ಇತ್ತು, ಅದು ಬೇಡವೆಂದರೂ ಹೊಟ್ಟೆಯಲ್ಲಿ ಕಚಗುಳಿಯಿಡುತ್ತಿತ್ತು. ಡ್ರೈವರನಿಗೆ ಇರು ಎಂದು ಹೇಳಿಸಿ, ಕಟ್ಟಡದ ಹಿಂದೆ ನೀರಿನ ಟ್ಯಾಂಕಿನ ಮರೆಗೆ ಹೋಗಿ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದಳು.

"ನಾನು ಯಾವಾಗ ಅತ್ತೆ ಸರ್?"

ಅತ್ತ ಕಡೆ ಪೈಪಿನಿಂದ ನೀರು ಬೀಳುವ ಸದ್ದು. ಮೊಮ್ಮಗಳ ಸೈಕಲ್ ತೊಳೆಯುತ್ತಿದ್ದರಂತೆ. "ಓಹೋ, ಅಷ್ಟು ಬೇಗ ಅಲ್ಲಿಗೆ ಬಂತಾ?" ಅವರು ನಕ್ಕರು, ಸಿಕ್ಕಿಬಿದ್ದವರ ನಗುವಲ್ಲ, ಆಟದಲ್ಲಿ ಎದುರಾಳಿ ಚೆನ್ನಾಗಿ ಆಡಿದಾಗ ನಗುವ ನಗು. "ನೋಡಿ, ಅಳು ಅಂದ್ರೆ ಜನ ಕರಗ್ತಾರೆ. ಅರ್ಹತೆ ಅಂದ್ರೆ ಉರ್ಕೋತಾರೆ. ನಿಮಗೆ ಒಳ್ಳೇದೇ ಆಯ್ತಲ್ಲ?"

"ಆ ಮುದಿ ನಾಯಿ ಯಾಕೆ ಸತ್ತಿದ್ದು ಸರ್?"

"ಗುಂಡಿಗೆ ನಿಂತಿತು ಕಣ್ರೀ, ವಯಸ್ಸಾಗಿತ್ತು. ಸತ್ತ ಮೇಲೆ ನಾನೇ ಕುಯ್ದು ನೋಡ್ದೆ. ಮತ್ತಿನ ಡೋಸೂ ಸರಿಯಿತ್ತು, ಕೈಯೂ ಸರಿಯಿತ್ತು. ಯಾರ ತಪ್ಪೂ ಅಲ್ಲ ಅಂತ ಇಬ್ರಿಗೂ ಹೇಳ್ದೆ. ಒಬ್ರೂ ನಂಬಲಿಲ್ಲ. ಒಬ್ಬೊಬ್ರಿಗೂ ಇನ್ನೊಬ್ರು ಅತ್ತರು ಅಂದೆ, ತಕ್ಷಣ ನಂಬಿದ್ರು."

"ಅವತ್ತಿಂದ ಇಲ್ಲಿ ಒಂದೇ ಒಂದು ಮುದಿ ಪ್ರಾಣೀನೂ ಟೇಬಲ್ ಮೇಲೆ ಹಾಕಿಲ್ಲ. ದಾರೀಲಿ ಸಾಯ್ತಿವೆ. ನಿಮಗೆ ಗೊತ್ತಿತ್ತಾ?"

ನೀರಿನ ಸದ್ದು ನಿಂತಿತು. "ಮೊದ್ಲು ಗೊತ್ತಾಗ್ಲಿಲ್ಲ," ಎಂದರು, ಈಗ ದನಿಯಲ್ಲಿ ಆಟವಿರಲಿಲ್ಲ. "ಗೊತ್ತಾಗೋ ಹೊತ್ತಿಗೆ ಎಲ್ಲ ಎಷ್ಟು ಚೆನ್ನಾಗಿ ನಡೀತಿತ್ತು ಅಂದ್ರೆ, ಕೈ ಹಾಕಕ್ಕೆ ಮನಸ್ಸು ಬರಲಿಲ್ಲ. ನಾಳೆ ಹೇಳೋಣ ನಾಳೆ ಹೇಳೋಣ ಅಂತ ರಿಟೈರೇ ಆಗ್ಬಿಟ್ಟೆ. ಈಗ ನೀವಿದ್ದೀರಲ್ಲ." ಆಮೇಲೆ, ಅಭ್ಯಾಸಬಲದಿಂದಲೇ ಇರಬೇಕು, "ನಿಮ್ಮಂಥ ಜಾಣೆ ಇನ್ನೊಬ್ಬಳಿಲ್ಲ ಅಂತ ಮೊನ್ನೆ ಕತ್ತರಿ ಡಾಕ್ಟರೇ ಫೋನ್ ಮಾಡಿ ಹೇಳಿದ್ರು," ಎಂದು ಸೇರಿಸಿದರು. ಒಂದು ಕ್ಷಣ, ಒಂದೇ ಕ್ಷಣ, ಅವಳಿಗೆ ಖುಷಿಯಾಯಿತು. ಆ ಖುಷಿಯ ಮೇಲೆ ಬಂದ ಸಿಟ್ಟಿನಲ್ಲಿ ಫೋನ್ ಇಟ್ಟಳು.

ವಾಪಸು ನಡೆಯುವಾಗ ದಾರಿ ಸುಲಭವಾಗಿಯೇ ಕಂಡಿತು. ಒಂದು ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ಸ್ವಲ್ಪ ಸರಿಸಿದರೆ ಸಾಕು. ಮುಳ್ಳನ್ನು ಮುಳ್ಳಿಂದಲೇ ತೆಗೆಯಬೇಕೆಂದು ಹಿರಿಯರೇ ಹೇಳಿಲ್ಲವೇ? ಕತ್ತರಿ ಡಾಕ್ಟರ ಎದುರು ನಿಂತಾಗ ಅವಳ ದೇಹ ತಾನಾಗಿ ಸ್ವಲ್ಪ ಎಡಕ್ಕೆ, ಅವರ ಕಿವಿಯ ಕಡೆಗೆ ಬಾಗಿತು. "ಡಾಕ್ಟ್ರೇ, ನಿಮ್ಮ ಕೈಯಾದ್ರೆ ಮಾತ್ರ ಧೈರ್ಯವಾಗಿ ಮತ್ತು ಕೊಡ್ತೀನಿ ಅಂತ ಅಕ್ಕ..." ಮಾತು ಬೆಣ್ಣೆಯಲ್ಲಿ ಅದ್ದಿದ ಹಾಗೆ ಜಾರಿ ಬಂತು. ಇಷ್ಟು ಚೆನ್ನಾಗಿ ತನಗೆ ಸುಳ್ಳು ಹೇಳಲು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಡಾಕ್ಟರ ಮುಖ ಅರಳಿತು. "ಪಾಪ," ಎಂದರು ಅವರು, ತುಂಬ ಮೃದುವಾಗಿ. ಆ 'ಪಾಪ' ಕೇಳಿದ್ದೇ ಅವಳಿಗೆ ಯಾರೋ ತಲೆಯ ಮೇಲೆ ತಣ್ಣೀರು ಸುರಿದ ಹಾಗಾಯಿತು. ಇವತ್ತು ಈ ಪಾಪದಿಂದ ಒಂದು ಆಪರೇಷನ್ ಆಗಬಹುದು. ನಾಳೆ ಇನ್ನೊಂದು ಪಾಪ ಬೇಕು. ತಾನೂ ಇಲ್ಲಿ ಬಹಳ ವರ್ಷ ಬಾಗಿ ಬಾಗಿ, ಕೊನೆಗೆ ಯಾರದೋ ಕೈಗೆ ಇದನ್ನು ದಾಟಿಸಿ ಹೋಗಬೇಕು.

"ಬನ್ನಿ," ಎಂದಳು. "ಅಕ್ಕನ್ನೂ ಕರೀತೀನಿ. ಇಬ್ರೂ ಬನ್ನಿ."

ಕೈ ತೊಳೆಯುವ ಸಿಂಕಿನ ಹತ್ತಿರ, ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, ಹೇಗೆ ಶುರು ಮಾಡಬೇಕೆಂದು ತಿಳಿಯದೆ ಅಡ್ಡಾದಿಡ್ಡಿಯಾಗಿ ಹೇಳಿಬಿಟ್ಟಳು. ಆವತ್ತಿನ ಮುದಿ ನಾಯಿ ಸತ್ತದ್ದು ಗುಂಡಿಗೆ ನಿಂತು. ನಿಮ್ಮಿಬ್ಬರದೂ ತಪ್ಪಿರಲಿಲ್ಲ. ಅಕ್ಕ ಯಾರ ಮುಂದೆಯೂ ತಪ್ಪು ಒಪ್ಪಿಕೊಂಡಿಲ್ಲ, ಡಾಕ್ಟರು ಯಾರ ಕರ್ಚೀಫನ್ನೂ ಇಸಿದುಕೊಂಡಿಲ್ಲ. "ಈಗ ತಾನೇ ನಾನೂ ಒಂದು ಸುಳ್ಳು ಹೇಳ್ದೆ ಡಾಕ್ಟ್ರೇ. ಅಕ್ಕ ಹಾಗಂದಿಲ್ಲ. ತಪ್ಪಾಯ್ತು. ಇನ್ನು ನಾನೂ ಎಲ್ಲೂ ಅತ್ತಿಲ್ಲ, ಅದೂ ಗೊತ್ತಿರ್ಲಿ."

ಇಬ್ಬರೂ ನಿರಾಳವಾಗುತ್ತಾರೆ, ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ ಎಂದು ಅವಳು ಎಲ್ಲೋ ಒಳಗೆ ಎಣಿಸಿದ್ದಳು. ಮೊದಲು ಬಾಯಿಬಿಟ್ಟವರು ಅಕ್ಕ.

"ಹಾಗಾದ್ರೆ ಇಷ್ಟು ವರ್ಷ ನಾನು ಕ್ಷಮಿಸಿದ್ದು ಯಾರನ್ನ?"

"ಕ್ಷಮಿಸಿದ್ದಾ?" ಡಾಕ್ಟರ ಹತ್ತಿಯ ದನಿಗೆ ಬೆಂಕಿ ತಗುಲಿತು. "ನೀವು ನನ್ನನ್ನ ಕ್ಷಮಿಸಿದ್ರಾ? ಯಾಕ್ರೀ? ಕ್ಷಮಿಸಿದ್ದು ನಾನು!"

"ನೀವ್ಯಾರ್ರೀ ನನ್ನನ್ನ ಕ್ಷಮಿಸೋಕೆ? ನನ್ನ ಡೋಸು ಯಾವತ್ತೂ ತಪ್ಪಿಲ್ಲ!"

"ನನ್ನ ಕೈಯೂ ಜಾರಿಲ್ಲ! ಅದಕ್ಕೇನಾ ಆಪರೇಷನ್ ಮಾಡುವಾಗೆಲ್ಲ ನನ್ನ ಬೆರಳನ್ನೇ ಗುರಾಯಿಸ್ತಿದ್ದಿದ್ದು?"

"ನೀವೂ ನಾನು ಸಿರಿಂಜ್ ತುಂಬಿದ ಮೇಲೆ ಕಳ್ಳನ ಹಾಗೆ ಬಂದು ಅಳತೆ ನೋಡ್ತಿದ್ರಲ್ಲ, ಗೊತ್ತಿಲ್ಲ ಅಂದ್ಕೊಂಡ್ರಾ?" ಎಂದ ಅಕ್ಕ ಅವಳತ್ತ ತಿರುಗಿದರು. ಕಣ್ಣಲ್ಲಿ ನಿಜವಾದ ಸಿಟ್ಟು. "ನಿಮಗೇನು ಬಂದಿತ್ತು ಮೇಡಂ? ಚೆನ್ನಾಗಿದ್ವಿ ನಾವು." ಡಾಕ್ಟರೂ ಅದಕ್ಕೆ ತಲೆಯಾಡಿಸಿದರು. ಆ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿತ್ತು.

ಗೋಣಿ ಎತ್ತಿ ಒಗೆದದ್ದಾಯಿತು, ಈಗ ನೀರು ಯಾರ ಮೇಲೆ ಸಿಡಿಯುವುದೋ ಸಿಡಿಯಲಿ. "ಬೈಯೋದು ಆಮೇಲೆ ಬೈಯಿರಿ," ಎಂದಳು, "ಅಜ್ಜಿಗೆ ಅಷ್ಟು ಹೊತ್ತಿಲ್ಲ. ಅಕ್ಕ, ಮತ್ತು ಕೊಡ್ತೀರಾ, ಇಲ್ವಾ? ಡಾಕ್ಟ್ರೇ, ಕುಯ್ತೀರಾ, ಇಲ್ವಾ? ನೀವು ಒಲ್ಲೆ ಅಂದ್ರೆ ನಾನೇ ಕುಯ್ತೀನಿ. ನಿಮ್ಮಷ್ಟು ಚೆನ್ನಾಗಿ ಬರಲ್ಲ, ಅದು ನಿಮಗೂ ಗೊತ್ತು."

ಡಾಕ್ಟರು ಅಂಗಿಯ ತೋಳು ಮಡಚಿ ಸೋಪು ಎತ್ತಿಕೊಂಡರು. ಅಕ್ಕ ದಡದಡ ಒಳಗೆ ಹೋಗಿ ಸಿರಿಂಜ್ ತುಂಬಿಸಿ, ಅದನ್ನು ಡಾಕ್ಟರ ಮೂಗಿನ ಮುಂದೆ ಹಿಡಿದರು. "ನೋಡ್ಕೊಳ್ಳಿ. ಈಗ ಎದುರಿಗೇ ನೋಡ್ಕೊಳ್ಳಿ." ಅವರು ನೋಡಿದರು. "ಕಮ್ಮಿ ಮಾಡಿ ಸ್ವಲ್ಪ," ಎಂದರು. "ಯಾಕೆ?" "ಗುಂಡಿಗೆ ಸದ್ದು ಸರಿಯಿಲ್ಲ, ಕೇಳಿ ಬೇಕಾದ್ರೆ." ಅಕ್ಕ ಸ್ಟೆತೊಸ್ಕೋಪ್ ಕಸಿದುಕೊಂಡು ಕೇಳಿದರು, ತುಟಿ ಬಿಗಿದುಕೊಂಡು ಸ್ವಲ್ಪ ಕಮ್ಮಿ ಮಾಡಿದರು. ಹೀಗೆ ಶುರುವಾದ ಆಪರೇಷನ್ ಉದ್ದಕ್ಕೂ ಅವಳು ಎದುರು ನಿಂತು, ಹೇಳಿದ್ದನ್ನು ಹಿಡಿದು, ಒರೆಸು ಎಂದಲ್ಲಿ ಒರೆಸಿದಳು. ಮೇಲೆ ದೀಪ ಉರಿಯುತ್ತಿತ್ತು, ಕೆಳಗೆ ಆ ಮುದಿ ಹೊಟ್ಟೆ ಏರಿ ಇಳಿಯುತ್ತಿತ್ತು, ಅದರ ಮೇಲೆ ಇಬ್ಬರ ಹಳೇ ಜಗಳ ತುಂಡು ತುಂಡಾಗಿ ಬೀಳುತ್ತಿತ್ತು: ಆವತ್ತು ನೀವೇ ಮೊದಲು ಕೂಗಿದ್ದು, ಟ್ರೇ ಎಸೆದವರು ಯಾರು, ನನ್ನ ಮಗಳ ಮದುವೆಗೆ ನೀವು ಯಾಕೆ ಅಷ್ಟು ದೊಡ್ಡ ಉಡುಗೊರೆ ತಂದಿದ್ದು, ಅಯ್ಯೋ ಪಾಪ ಅಂತಲಾ? ಕೀವು ತುಂಬಿದ ಚೀಲ ಒಡೆಯದ ಹಾಗೆ ಹೊರಗೆ ಬರುವಾಗ ಮಾತ್ರ ಮೂವರೂ ಉಸಿರು ಬಿಗಿಹಿಡಿದರು. ಆಗಲೇ ಅಕ್ಕ, "ನಿಲ್ಸಿ," ಎಂದರು. ಡಾಕ್ಟರ ಕೈ ಅಲ್ಲೇ ನಿಂತಿತು. ಗುಂಡಿಗೆಯ ಬಡಿತ ತೋರಿಸುವ ಪರದೆಯ ಮೇಲಿನ ಗೆರೆ ಸಣ್ಣದಾಗುತ್ತ ಹೋಯಿತು. ಅವಳಿಗೆ ಬಡಗಿಯ ಮುಗಿದ ಕೈ ಕಂಡಿತು, ಸೇತುವೆ ಕಂಡಿತು, ನಾಳೆ ಬೆಳಿಗ್ಗೆ ಈ ಡ್ರೈವರ್ ಬಂದು ಅದೇ ಮಾತು ಹೇಳಿ ಹೋಗುವುದು ಕಂಡಿತು. ಈ ಸಲ ತಲೆಯಾಡಿಸಿ ಅಲ್ಲ, ಬಾಯಿಬಿಟ್ಟು ಕೊಂದೆ ಅನ್ನಿಸಿತು. ಅಕ್ಕನ ಬೆರಳು ನಾಯಿಗೆ ಉಸಿರು ಕೊಡುವ ಗಾಳಿಯ ಚೀಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು. ಗೆರೆ ಮತ್ತೆ ಎದ್ದಿತು. "ಹೂಂ, ಈಗ ಮಾಡಿ," ಎಂದರು ಅಕ್ಕ. ಡಾಕ್ಟರು ಮುಂದುವರಿಸಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟಳು. ಬಿಟ್ಟವಳೇ ಎದುರಿಗಿದ್ದ ಚೀಟಿಯಮ್ಮನನ್ನು ನೋಡಿ ಗುರ್ರೆಂದಳು, ಚೀಟಿಯಮ್ಮ ತಿರುಗಿ ಗದರಿದಳು. ಡ್ರೈವರ್ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಅದರ ಪಾದವನ್ನು ತನ್ನ ಅಂಗೈಯಲ್ಲಿಟ್ಟುಕೊಂಡ. ಬಸ್ಸನ್ನು ಡಿಪೋದಿಂದ ಬೇರೆಯವರೇ ಬಂದು ಬೈದು ಒಯ್ದಿದ್ದರು; ಅವನಿಗೆ ಅದರ ಪರಿವೆಯಿರಲಿಲ್ಲ.

ಸಂಜೆ ಅವಳಿಗೆ ಯಾರೂ ಚಹಾ ತಂದಿಡಲಿಲ್ಲ. ಕೋಣೆಯಲ್ಲಿ ಒಬ್ಬಳೇ ಕೂತು, ಅಮ್ಮನಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದಳು. ಅಕ್ಕ ಬಾಗಿಲಲ್ಲೇ ನಿಂತು, ಒಳಗೆ ಬಾರದೆ, "ರಾತ್ರಿ ನೋವಿನ ಔಷಧಿ ಬರೆದಿಟ್ಟಿದ್ದೀನಿ. ಹೊಲಿಗೆ ವಕ್ರವಾಗಿದೆ, ನಾಳೆ ನೋಡ್ಬೇಕು," ಎಂದಷ್ಟೇ ಹೇಳಿ ಹೋದರು. ಹೋದ ಸ್ವಲ್ಪ ಹೊತ್ತಿಗೆ ಕತ್ತರಿ ಡಾಕ್ಟರು ಬಂದರು. ಕೂರಲಿಲ್ಲ. ಮೇಜಿನ ಮೇಲಿನ ಪೆನ್ನನ್ನು ಎತ್ತಿ ನೋಡಿ ಕೆಳಗಿಟ್ಟರು. ಕಿಟಕಿಯಾಚೆ ನೋಡಿದರು. ಕೊನೆಗೆ, ಅಂಥ ಮುಖ್ಯ ವಿಷಯವೇನಲ್ಲ ಎನ್ನುವ ಹಾಗೆ ಕೇಳಿದರು: "ಅಕ್ಕ ಏನಾದ್ರೂ ಅಂದ್ರಾ? ಆಪರೇಷನ್ ಬಗ್ಗೆ?"

ಅವರ ಮುಖ ಶಾಲೆಯಲ್ಲಿ ಸ್ಲೇಟು ತೋರಿಸಲು ಬಂದ ಮಗುವಿನ ಹಾಗಿತ್ತು. ಏನು ಹೇಳಿದರೆ ಆ ಮುಖ ಅರಳುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾತು ನಾಲಗೆಯ ತುದಿಗೇ ಬಂದು ಕೂತಿತ್ತು.

"ಹೊಲಿಗೆ ವಕ್ರವಾಗಿದೆ ಅಂದ್ರು."

ಡಾಕ್ಟರು ಅವಳನ್ನೇ ನೋಡಿದರು. ಮುಖ ಕೆಂಪಾಯಿತು. ತಿರುಗಿ, ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತಳ್ಳಿ ಹೊರಟುಹೋದರು. ಅವಳು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಳು. ಕಾರಿಡಾರಿನಲ್ಲಿ ಅವರ ಭಾರಿ ಹೆಜ್ಜೆಗಳು ದೂರವಾದವು, ನಿಂತವು. ಆಮೇಲೆ ಇಡೀ ಆಸ್ಪತ್ರೆಗೆ ಕೇಳಿಸುವಂಥ ಗಂಟಲು, ಆ ದೇಹಕ್ಕೆ ತಕ್ಕ ಗಂಟಲು:

"ಎಲ್ಲಿದೆ ವಕ್ರ? ಬಂದು ತೋರ್ಸಿ ನೋಡೋಣ!"

"ಬರ್ತೀನಿ," ಎಂದು ತಯಾರಿ ಕೋಣೆಯಿಂದ ಅಕ್ಕ ಅಷ್ಟೇ ಜೋರಾಗಿ ಕೂಗಿದರು. "ಮೊದ್ಲು ಕನ್ನಡಕ ಹಾಕ್ಕೊಂಡು ನಿಂತಿರಿ!"